ಅಲೆ ಏಳದ ಜಾಗ

ಹಾಸನ ಜಿಲ್ಲೆಯಲ್ಲಿ ಈಜು ಕಲಿತವರಿಗೆ ನೀರನ್ನು ಓದಲು ಬರುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಗೆ ಇಳಿಯುವವರಿಗೆ ಯಾವ ಮಡು ಆಳ, ಯಾವ ಬಂಡೆಯ ಹಿಂದೆ ಸುಳಿ ತಿರುಗುತ್ತದೆ, ಮೇಲೆ ಗೊರೂರಿನ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ದಡದಿಂದ ಎಷ್ಟು ದೂರ ನಿಲ್ಲಬೇಕು ಎಂಬುದೆಲ್ಲ ಗೊತ್ತು. ಅರಕಲಗೂಡು ತಾಲ್ಲೂಕಿನವರು ರಾಮನಾಥಪುರದಲ್ಲಿ ಕಾವೇರಿಯ ಮೀನುಗಳ ಜೊತೆ ಮುಳುಗಿ ಎದ್ದಿರುತ್ತಾರೆ, ಕಟ್ಟೇಪುರದ ಕಟ್ಟೆಯ ಮೇಲೆ ಹರಿಯುವ ನೀರಿಗೆ ಹೆದರಲು ಕಲಿತಿರುತ್ತಾರೆ. ಚನ್ನರಾಯಪಟ್ಟಣದ ಕಡೆ ಹೊಳೆ ದೂರ. ಅಲ್ಲಿ ಕೆರೆ ಮತ್ತು ತೋಟದ ಬಾವಿಯೇ ಶಾಲೆ. ಹಿಂದಿನವರು ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಕಲಿತರು, ಈಗಿನ ಹುಡುಗರು ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಳ್ಳುತ್ತಾರೆ. ಮೂರೂ ಕಡೆ ಹಿರಿಯರು ಹೇಳಿಕೊಡುವ ಮೊದಲ ಪಾಠ ಒಂದೇ. ನೊರೆಯೆದ್ದು ಸದ್ದು ಮಾಡುವ ನೀರಿಗೆ ಇಳಿಯಬೇಡ, ತಣ್ಣಗೆ ತಿಳಿಯಾಗಿರುವ ಕಡೆ ಇಳಿ.

ಹೊಳೆಗೂ ಕೆರೆಗೂ ಈ ಪಾಠ ಸರಿ. ಹೊಳೆಯಲ್ಲಿ ನೊರೆ ಎಂದರೆ ಕೆಳಗೆ ಕಲ್ಲಿದೆ, ಇಳಿಜಾರಿದೆ, ನೀರಿಗೆ ವೇಗವಿದೆ ಎಂದರ್ಥ. ಆದರೆ ಇದೇ ಪಾಠವನ್ನು ಹೊತ್ತುಕೊಂಡು ಶಿರಾಡಿ ಘಾಟಿ ಇಳಿದು ಕಡಲಿಗೆ ಹೋದರೆ ಅದು ತಿರುಗಿ ಬೀಳುತ್ತದೆ. ಕಡಲ ದಂಡೆಯಲ್ಲಿ ಎಡಕ್ಕೂ ಬಲಕ್ಕೂ ಅಲೆಗಳು ಒಡೆದು ಬಿಳಿಯಾಗುತ್ತಿದ್ದು, ನಡುವೆ ಒಂದು ಪಟ್ಟಿ ಮಾತ್ರ ಅಲೆ ಏಳದೆ, ಸ್ವಲ್ಪ ಕಪ್ಪಗೆ, ನುಣ್ಣಗೆ ಕಂಡರೆ ಹೊಳೆಯಲ್ಲಿ ಪಳಗಿದ ಕಣ್ಣು ಮಕ್ಕಳನ್ನು ಇಳಿಸಲು ಅದನ್ನೇ ಆರಿಸುತ್ತದೆ. ಆ ದಂಡೆಯ ಅತ್ಯಂತ ಅಪಾಯದ ಜಾಗ ಅನೇಕ ಸಲ ಅದೇ ಆಗಿರುತ್ತದೆ. ಈ ಅಧ್ಯಾಯ ಬರೆಯಲು ಕಾರಣವೇ ಆ ನುಣ್ಣನೆಯ ಪಟ್ಟಿ. ಅದು ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಕಲ್ಲಿನಿಂದ ಶುರು ಮಾಡಬೇಕು, ಏಕೆಂದರೆ ದಂಡೆಯ ನೀರು ಹೇಗೆ ನಡೆದುಕೊಳ್ಳಬೇಕೆಂದು ತೀರ್ಮಾನಿಸುವುದು ಅದರ ಅಡಿಯ ನೆಲ.

ಹಾಸನದವರಿಗೆ ಹತ್ತಿರದ ಜ್ವಾಲಾಮುಖಿ ದ್ವೀಪ ಉಡುಪಿಯ ಮಲ್ಪೆಯ ಎದುರಿಗಿದೆ. ಸೇಂಟ್ ಮೇರೀಸ್ ದ್ವೀಪಗಳು ಎಂಬ ಹೆಸರಿನ ಆ ಸಣ್ಣ ಗುಂಪಿಗೆ ಮಲ್ಪೆಯಿಂದ ದೋಣಿಗಳಿವೆ. ಪ್ರವಾಸಿಗರು ಇಳಿಯುವುದು ಅದರಲ್ಲಿ ತೆಂಗಿನ ಮರಗಳಿರುವ ದ್ವೀಪದಲ್ಲಿ. ಅರ್ಧ ಕಿಲೋಮೀಟರಿನಷ್ಟು ಉದ್ದ, ಅದಕ್ಕಿಂತ ಕಡಿಮೆ ಅಗಲ, ಸಮುದ್ರ ಮಟ್ಟದಿಂದ ಹತ್ತು ಮೀಟರಿನ ಆಸುಪಾಸು ಎತ್ತರ. ಅಲ್ಲಿ ಬೆಟ್ಟವಿಲ್ಲ, ಬಾಯಿ ತೆರೆದ ಕುಳಿಯಿಲ್ಲ, ಹೊಗೆಯಿಲ್ಲ. ಇರುವುದು ಸಾಲುಸಾಲಾಗಿ ನಿಂತ ಕಲ್ಲಿನ ಕಂಬಗಳು: ಐದು ಮೂಲೆಯವು, ಏಳು ಮೂಲೆಯವು, ಹೆಚ್ಚಾಗಿ ಆರು ಮೂಲೆಯವು. ಯಾರೋ ಕಡಿದು ನಿಲ್ಲಿಸಿದಂತೆ ಕಾಣುವ ಈ ಕಂಬಗಳಿಗಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.

ಅವುಗಳ ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಭೂಮಿಯ ಆಳದಿಂದ ಬಿಸಿ ಶಿಲಾಪಾಕ ಏರಿ ಬಂದು, ಎರಡರ ನಡುವಿನ ನೆಲ ಬಿರಿದು, ಮಡಗಾಸ್ಕರ್ ಆಚೆ ಉಳಿಯಿತು, ಭಾರತ ಈಚೆ ಸರಿಯಿತು. ಆ ಬೇರ್ಪಡುವಿಕೆಯ ಕಾಲದಲ್ಲಿ ನಮ್ಮ ಕಡೆ ಹೊರಬಂದ ಲಾವಾದ ತುಣುಕೇ ಈ ದ್ವೀಪ. ಇದೇ ವಯಸ್ಸಿನ ಲಾವಾ ಮಡಗಾಸ್ಕರಿನಲ್ಲಿ ಅಪಾರವಾಗಿ ಹರಡಿದೆ. ಇದನ್ನು ಕರಿಕಲ್ಲು, ಬಸಾಲ್ಟ್ ಎಂದು ಹಲವರು ಬರೆಯುತ್ತಾರೆ. ಆದರೆ ಇದು ಸಿಲಿಕಾ ಹೆಚ್ಚಿರುವ, ರಯೋಲೈಟ್ ಮತ್ತು ಡೇಸೈಟ್ ಬಗೆಗೆ ಸೇರಿದ ಲಾವಾ. ಬಸಾಲ್ಟಿಗಿಂತ ಮಂದ, ನಿಧಾನವಾಗಿ ಹರಿಯುವಂಥದ್ದು.

ಜ್ವಾಲಾಮುಖಿಯ ಕಲ್ಲು ನೋಡಲು ಹೊಳೆನರಸೀಪುರದವರು ಇಷ್ಟು ದೂರ ಬರುತ್ತಾರಲ್ಲ ಎಂದು ನನಗೆ ಒಂದು ಬಗೆಯ ಸಂಕಟ. ಭೂವಿಜ್ಞಾನದ ಪುಸ್ತಕಗಳಲ್ಲಿ ಅವರ ಊರಿನ ಹೆಸರು ಬರುವುದೇ ಜ್ವಾಲಾಮುಖಿಯ ಕಾರಣಕ್ಕೆ. ಹೊಳೆನರಸೀಪುರ ಶಿಸ್ಟ್ ಪಟ್ಟಿ ಎಂದು ಕರೆಯುವ ಶಿಲಾಸಮೂಹದಲ್ಲಿ ಸುಮಾರು 330 ಕೋಟಿ ವರ್ಷ ಹಳೆಯ ಲಾವಾಗಳಿವೆ; ಸೇಂಟ್ ಮೇರೀಸಿನ ಕಂಬಗಳಿಗಿಂತ ಅವು ಮೂವತ್ತೈದು ಪಟ್ಟಿಗೂ ಹೆಚ್ಚು ಹಳೆಯವು. ಅವುಗಳಲ್ಲಿ ಕೊಮಾಟಿಯೈಟ್ ಎಂಬ ಬಗೆಯೂ ಇದೆ. ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ಬಳಿ 1969ರಲ್ಲಿ ಮೊದಲು ಗುರುತಿಸಿದ ಈ ಲಾವಾ ಹೊರಬಂದಾಗ ಅದರ ಬಿಸಿ 1600 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಇತ್ತು. ಈಗ ಹವಾಯಿಯಲ್ಲಿ ಉಕ್ಕುವ ಲಾವಾ 1200 ಡಿಗ್ರಿ ದಾಟುವುದು ಅಪರೂಪ. ಭೂಮಿ ಇನ್ನೂ ಎಳೆಯದಾಗಿ, ಒಳಗೆ ಇವತ್ತಿಗಿಂತ ಬಹಳ ಬಿಸಿಯಾಗಿದ್ದ ಕಾಲದ ಲಾವಾ ಅದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಪಟ್ಟಿಯೂ ಅದರ ಬಂಧುವೇ. ಭೈರಾಪುರದ ಗಣಿಯಲ್ಲಿ ತೆಗೆದ ಕ್ರೋಮೈಟ್ ಅಂಥ ಬಿಸಿ ಶಿಲಾಪಾಕದಿಂದ ತಳಕ್ಕಿಳಿದು ಗಟ್ಟಿಯಾದ ಅದಿರು. ಕೋಟಿಗಟ್ಟಲೆ ವರ್ಷಗಳಲ್ಲಿ ಮಡಿಕೆ ಬಿದ್ದು, ಬೆಂದು, ಸವೆದು, ಈಗ ಅದರ ಮೇಲೆ ತೆಂಗು, ರಾಗಿ, ಆಲೂಗಡ್ಡೆ ಬೆಳೆಯುತ್ತವೆ. ಅಲ್ಲಿ ಕಡಲೂ ಇಲ್ಲ, ಅಲೆಯೂ ಇಲ್ಲ. ಎಳೆಯ ಲಾವಾ ಇನ್ನೂ ಚೂಪಾಗಿಯೇ ಉಳಿದಿರುವ ಕಡೆ ಕಡಲು ಬಂದು ಬಡಿದರೆ ಏನಾಗುತ್ತದೆ ಎಂಬುದನ್ನು ಮಲ್ಪೆಯಲ್ಲೇ ನೋಡಬೇಕು.

ಕಂಬಗಳು ಹುಟ್ಟುವುದು ತಣಿಯುವಾಗ. ಲಾವಾ ತಣಿದಂತೆ ಕುಗ್ಗುತ್ತದೆ, ಕುಗ್ಗಲು ಜಾಗವಿಲ್ಲದೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕೆರೆಯ ಅಂಗಳದ ಜೇಡಿಮಣ್ಣು ಒಣಗಿ ಚಕ್ಕೆಚಕ್ಕೆಯಾಗುವುದರ ಹಿಂದೆಯೂ ಇದೇ ನಿಯಮವಿದೆ. ಕಡಿಮೆ ಉದ್ದದ ಬಿರುಕಿನಲ್ಲಿ ಹೆಚ್ಚು ಬಿಗಿತ ಸಡಿಲವಾಗಬೇಕಾದರೆ ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ 120 ಡಿಗ್ರಿ ಕೋನದಲ್ಲಿ ಸೇರಬೇಕು; ಹಾಗೆ ಸೇರುತ್ತ ಹೋದರೆ ಆರು ಮೂಲೆಗಳು ಬರುತ್ತವೆ. ತಣಿಯುವ ಮೈಯಿಂದ ಒಳಕ್ಕೆ ಬಿರುಕು ಇಳಿಯುತ್ತ ಹೋದಂತೆ ಕಂಬಗಳಾಗುತ್ತವೆ.

ಈಜುವವನಿಗೆ ಈ ವಿವರ ಏಕೆ ಬೇಕು? ಕಂಬವಾಗಿ ಬಿರಿದ ಕಲ್ಲು ಕಂಬವಾಗಿಯೇ ಮುರಿಯುತ್ತದೆ. ಅಲೆ ಬಡಿದು ಬಡಿದು ಒಂದೊಂದೇ ಕಂಬ ಉರುಳಿದಾಗ ಉಳಿಯುವುದು ನೆಟ್ಟಗಿನ ಗೋಡೆ, ಅದರ ಬುಡದಲ್ಲಿ ಮೂಲೆಮೂಲೆಯ ತುಂಡುಗಳ ರಾಶಿ, ತುಂಡುಗಳ ನಡುವೆ ಕಾಲು ಸಿಕ್ಕಿಕೊಳ್ಳುವ ಸಂದುಗಳು. ಮರಳಿನ ದಂಡೆ ನಿಧಾನವಾಗಿ ಆಳವಾಗುತ್ತದೆ, ಇಲ್ಲಿ ಹಾಗಲ್ಲ; ಮೊಣಕಾಲುದ್ದ ನೀರಿನಲ್ಲಿ ನಿಂತವನು ಮುಂದಿನ ಹೆಜ್ಜೆಗೆ ಕುತ್ತಿಗೆಯವರೆಗೆ ಹೋಗಬಹುದು. ನೀರಿನ ಮಟ್ಟದ ಕಲ್ಲುಗಳ ಮೇಲೆ ಪಾಚಿ, ಪಾಚಿಯಿಲ್ಲದ ಕಡೆ ಅಂಟಿಕೊಂಡ ಚಿಪ್ಪುಜೀವಿಗಳು. ಪಾಚಿ ಜಾರಿಸುತ್ತದೆ, ಜಾರಿದಾಗ ಹಿಡಿಯಲು ಹೋದ ಕೈಯನ್ನು ಚಿಪ್ಪು ಕೊಯ್ಯುತ್ತದೆ.

ಇನ್ನು ಅಲೆಯ ಲೆಕ್ಕ. ಇಳಿಜಾರಾದ ಮರಳಿನ ಮೇಲೆ ಬರುವ ಅಲೆ, ನೀರಿನ ಆಳ ತನ್ನ ಎತ್ತರದ ಒಂದೂಕಾಲು ಪಟ್ಟಿನಷ್ಟಕ್ಕೆ ಇಳಿದಾಗ ಒಡೆಯುತ್ತದೆ, ತನ್ನ ಶಕ್ತಿಯನ್ನು ನೊರೆಯಲ್ಲಿ ಕಳೆದುಕೊಳ್ಳುತ್ತ ದಡಕ್ಕೆ ತಲುಪುವಾಗ ಪಾದ ತೊಳೆಯುವಷ್ಟಾಗುತ್ತದೆ. ನೆಟ್ಟಗಿನ ಕಲ್ಲುಗೋಡೆಯ ಎದುರಿಗೆ ಅದಕ್ಕೆ ಒಡೆಯಲು ಜಾಗವಿಲ್ಲ. ಗೋಡೆಗೆ ತಾಗಿ ಹಿಂದಿರುಗುತ್ತದೆ. ಹಿಂದಿರುಗುವ ಅಲೆಯೂ ಬರುವ ಅಲೆಯೂ ಒಂದರ ಮೇಲೊಂದು ಬಿದ್ದ ಕಡೆ ನೀರು ಸುಮಾರು ಎರಡು ಪಟ್ಟು ಏಳುತ್ತದೆ. ಅರ್ಧ ಮೀಟರಿನ ಸಾಧಾರಣ ಅಲೆ ಬಂಡೆಯ ಬುಡದಲ್ಲಿ ಒಂದು ಮೀಟರ್ ಏರಿಳಿಯುತ್ತದೆ ಎಂದಾಯಿತು. ಒಂದು ಘನ ಮೀಟರ್ ಕಡಲ ನೀರಿನ ತೂಕ ಒಂದು ಟನ್ನಿಗಿಂತ ಚೂರು ಹೆಚ್ಚು. ಆ ಏರಿಳಿತದಲ್ಲಿ ಸಿಕ್ಕಿದವನಿಗೆ ಈಜು ಬರುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು, ಮೊದಲು ಅವನ ಮೈ ಕಲ್ಲಿಗೆ ಬಡಿಯುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಈ ದ್ವೀಪದ ಬಂಡೆಗಳ ಬಳಿ ನೀರುಪಾಲಾದರು. ದ್ವೀಪಕ್ಕೆ ಹೋಗುವವರೆಲ್ಲ ಆ ಸುದ್ದಿಯನ್ನು ನೆನಪಿನಲ್ಲಿಟ್ಟುಕೊಂಡು ಹೋಗಬೇಕು.

ದ್ವೀಪದ ಪಶ್ಚಿಮಕ್ಕೆ ತೆರೆದ ಕಡಲು, ಪೂರ್ವಕ್ಕೆ ಮಲ್ಪೆಯ ದಡ. ಪಶ್ಚಿಮದಿಂದ ಬರುವ ಅಲೆಗೆ ದ್ವೀಪವೇ ಅಡ್ಡ ನಿಲ್ಲುವುದರಿಂದ ಪೂರ್ವದ ಮಗ್ಗುಲು ತಕ್ಕಮಟ್ಟಿಗೆ ಶಾಂತ. ಆದರೆ ಅಲೆ ನೆಟ್ಟಗೆ ಮಾತ್ರ ಹೋಗುವುದಿಲ್ಲ. ಆಳ ಕಡಿಮೆಯಾದ ಕಡೆ ಅದು ನಿಧಾನವಾಗಿ ಬಾಗುತ್ತದೆ, ದ್ವೀಪದ ಎರಡು ತುದಿಗಳನ್ನೂ ಸುತ್ತಿ ಬಂದು ಹಿಂಭಾಗದಲ್ಲಿ ಅಡ್ಡಡ್ಡ ಕೂಡುತ್ತದೆ. ಹೀಗೆ ಕೂಡುವ ಕಡೆ ನೀರು ಯಾವ ದಿಕ್ಕಿಗೆ ತಳ್ಳುತ್ತದೆಂದು ದಡದಲ್ಲಿ ನಿಂತು ಹೇಳುವುದು ಕಷ್ಟ. ಆದ್ದರಿಂದ ನನ್ನ ಅಭಿಪ್ರಾಯ ನೇರ: ಸೇಂಟ್ ಮೇರೀಸ್ ನೋಡುವ ದ್ವೀಪ, ಈಜುವ ದ್ವೀಪವಲ್ಲ. ಇಳಿಯಲೇಬೇಕು ಎನ್ನುವವರು ಕಾವಲಿನವರು ತೋರಿಸಿದ ಜಾಗದಲ್ಲಿ, ಅವರ ಕಣ್ಣೆದುರಿಗೆ ಕಾಲು ತೋಯಿಸಿಕೊಳ್ಳಲಿ. ಕಂಬಗಳನ್ನು ಹತ್ತಿರದಿಂದ ನೋಡಲು ಕಡಲಿಳಿತದ ಹೊತ್ತು ಒಳ್ಳೆಯದು. ಆದರೆ ಇಳಿತದಿಂದ ಉಬ್ಬರಕ್ಕೆ ಆರು ಗಂಟೆಯ ಚಿಲ್ಲರೆ ಸಾಕು, ಅಷ್ಟರಲ್ಲಿ ನೀರು ಒಂದು ಮೀಟರಿನ ಆಸುಪಾಸು ಏರಿರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಇನ್ನೂ ಹೆಚ್ಚು. ಒಣ ಬಂಡೆಗಳ ಮೇಲೆ ಹಾರುತ್ತ ತುದಿಗೆ ಹೋಗಿ ಕುಳಿತವರ ಹಿಂದಿನ ದಾರಿ ಮೊದಲು ಮುಚ್ಚುತ್ತದೆ.

ಲೋಕದ ಬೇರೆ ಜ್ವಾಲಾಮುಖಿ ದ್ವೀಪಗಳಿಗೆ ರಜೆಗೆ ಹೋಗುವ ಕನ್ನಡಿಗರು ಈಗ ಕಡಿಮೆಯಿಲ್ಲ. ಬಾಲಿ, ಮಾರಿಷಸ್, ಹವಾಯಿ, ಹೀಗೆ. ಅಲ್ಲಿ ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೇಂಟ್ ಮೇರೀಸ್ ನಿಂತಿರುವುದು ಖಂಡದ ಅಂಚಿನ ಆಳವಿಲ್ಲದ ಚಪ್ಪಟೆ ನೆಲದ ಮೇಲೆ. ದೂರದ ಅಲೆ ಹತ್ತಾರು ಕಿಲೋಮೀಟರ್ ಆ ನೆಲದ ಮೇಲೆ ಉಜ್ಜಿಕೊಂಡು ಬರುವಷ್ಟರಲ್ಲಿ ಸ್ವಲ್ಪ ಬಲ ಕಳೆದುಕೊಂಡಿರುತ್ತದೆ. ಹವಾಯಿಯಂಥ ದ್ವೀಪಗಳು ಸಾಗರದ ತಳದಿಂದ ನೇರವಾಗಿ ಎದ್ದ ಬೆಟ್ಟಗಳು. ದಡದಿಂದ ಸ್ವಲ್ಪ ದೂರದಲ್ಲೇ ಅಗಾಧ ಆಳ, ಹಾಗಾಗಿ ಸಾಗರದ ಅಲೆ ಪೂರ್ತಿ ಬಲದೊಡನೆ ಬಂದು ಎರಗುತ್ತದೆ. ಅಂಥ ಕಡೆ ಈಜಲು ಯೋಗ್ಯವಾದ ದಂಡೆಗಳು ಸಾಮಾನ್ಯವಾಗಿ ಹವಳದ ದಿಬ್ಬ ಅಡ್ಡ ಇರುವಂಥವು. ಹವಳ ಅಲೆಯನ್ನು ದೂರದಲ್ಲೇ ಒಡೆದುಬಿಡುತ್ತದೆ. ಮರಳಿನ ಬಣ್ಣವೂ ಒಂದು ಸುಳಿವು. ಬಿಳಿ ಮರಳು ಬಹುಮಟ್ಟಿಗೆ ಹವಳ ಮತ್ತು ಚಿಪ್ಪಿನ ಪುಡಿ, ಅಂದರೆ ಹತ್ತಿರದಲ್ಲಿ ಹವಳ ಇದ್ದೀತು. ಕಪ್ಪು ಮರಳು ಲಾವಾದ ಪುಡಿ. ಅಲ್ಲಿ ದಂಡೆ ಎಳೆಯದು, ಅಡ್ಡ ಏನೂ ಇಲ್ಲದಿರಬಹುದು. ಸುಳಿವಷ್ಟೇ, ನಿಯಮವಲ್ಲ. ಕಾರವಾರದ ಮಾಜಾಳಿಯ ಆಚೆ ತಿಳ್ಮಾತಿಯಲ್ಲಿ ಎಳ್ಳಿನಂಥ ಕಪ್ಪು ಮರಳಿದೆ, ಅದು ಸುತ್ತಲಿನ ಕಪ್ಪು ಬಂಡೆ ಪುಡಿಯಾಗಿ ಬಂದದ್ದು.

ಸ್ಪೇನಿಗೆ ಸೇರಿದ ಟೆನೆರೀಫ್ ಎಂಬ ಜ್ವಾಲಾಮುಖಿ ದ್ವೀಪದವರು ತಮ್ಮ ಕಲ್ಲಿನ ದಂಡೆಯಲ್ಲಿ ಈಜಲಾಗುವುದಿಲ್ಲವೆಂದು 1970ರ ದಶಕದ ಆರಂಭದಲ್ಲಿ ಸಹಾರಾ ಮರುಭೂಮಿಯ ಮರಳನ್ನು ಹಡಗಿನಲ್ಲಿ ತಂದು ತೆರೆಸೀತಾಸ್ ಎಂಬಲ್ಲಿ ಸುರಿದರು, ಅಲೆ ಒಡೆಯಲು ಮುಂದೆ ಕಲ್ಲಿನ ಅಡ್ಡಗೋಡೆಯನ್ನೂ ಕಟ್ಟಿದರು. ಮರಳು ಮಾತ್ರ ಸಾಲದು, ಅಡ್ಡಗೋಡೆಯೂ ಬೇಕು ಎಂದು ಅವರಿಗೆ ಗೊತ್ತಿತ್ತು. ಐಸ್‌ಲ್ಯಾಂಡಿನ ರೇನಿಸ್ಫ್ಯಾರಾ ದಂಡೆಯಲ್ಲಿ ನಮ್ಮ ಸೇಂಟ್ ಮೇರೀಸಿನಂಥದೇ ಕಂಬಗಳಿವೆ, ಕಪ್ಪು ಮರಳಿದೆ. ಸುಮ್ಮನಿದ್ದಂತೆ ಕಾಣುವ ಕಡಲು ಅಲ್ಲಿ ಒಮ್ಮೆಲೇ ದಡದ ಮೇಲಕ್ಕೆ ನುಗ್ಗಿ ನಿಂತವರನ್ನು ಎಳೆದೊಯ್ದಿದೆ. ನೀರಿಗಿಳಿಯದವರೂ ಅಲ್ಲಿ ಸತ್ತಿದ್ದಾರೆ.

ದ್ವೀಪ ನೋಡಿ ದೋಣಿಯಲ್ಲಿ ಹಿಂದಿರುಗಿದವರು ಮಲ್ಪೆಯ ಮರಳಿನಲ್ಲಿ ನೀರಿಗಿಳಿಯುತ್ತಾರೆ. ಇಲ್ಲಿಂದ ಆ ನುಣ್ಣನೆಯ ಪಟ್ಟಿಯ ಕಥೆ.

ಪ್ರತಿಯೊಂದು ಅಲೆಯೂ ಒಡೆದು ದಡದ ಕಡೆಗೆ ನೀರು ತಂದು ಸುರಿಯುತ್ತದೆ. ತಂದ ನೀರು ದಡದಲ್ಲೇ ಉಳಿಯುವಂತಿಲ್ಲ, ಹಿಂದೆ ಹೋಗಬೇಕು. ಮುಂದಿನ ಅಲೆ ಅದನ್ನು ತಡೆಯುತ್ತಿರುತ್ತದೆ. ಆಗ ನೀರು ದಡದ ಗುಂಟ ಅಡ್ಡಕ್ಕೆ ಹರಿಯುತ್ತ, ತಡೆ ಕಡಿಮೆಯಿರುವ ಕಡೆ ಹುಡುಕುತ್ತದೆ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬವೊಂದು ದಡಕ್ಕೆ ಸಮಾನಾಂತರವಾಗಿ ಇರುತ್ತದೆ. ಅಲೆಗಳು ಒಡೆಯುವುದು ಅದರ ಮೇಲೆ. ದಿಬ್ಬದಲ್ಲಿ ಎಲ್ಲೋ ಒಂದು ಕಡೆ ತಗ್ಗಿರುತ್ತದೆ. ಕೆರೆ ತುಂಬಿದ ಮೇಲೆ ಏರಿಯ ಉದ್ದಕ್ಕೂ ಬಿಟ್ಟು ಕೋಡಿಯಲ್ಲೇ ನೀರು ಹೋಗುವಂತೆ, ದಡಕ್ಕೆ ಬಂದ ನೀರೆಲ್ಲ ಈ ತಗ್ಗಿನ ಮೂಲಕ ಕಡಲಿಗೆ ಧಾವಿಸುತ್ತದೆ. ಇದೇ ರಿಪ್ ಕರೆಂಟ್, ಕಡಲಿನ ಸೆಳವು. ತಗ್ಗು ಆಳವಾಗಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಒಡೆಯದ ಕಾರಣ ನೊರೆಯಿಲ್ಲ. ನೊರೆಯಿಲ್ಲದ ಕಾರಣ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ನಮ್ಮ ಹೊಳೆಯ ಪಾಠ ಇಲ್ಲಿ ತಲೆಕೆಳಗಾಗುವುದು ಹೀಗೆ: ಹೊಳೆಯಲ್ಲಿ ನೊರೆ ಸೆಳವಿನ ಗುರುತು, ಕಡಲಲ್ಲಿ ನೊರೆಯಿಲ್ಲದಿರುವುದು ಸೆಳವಿನ ಗುರುತು.

ಎಷ್ಟು ವೇಗ? ಸಾಮಾನ್ಯ ಸೆಳವು ಸೆಕೆಂಡಿಗೆ ಅರ್ಧ ಮೀಟರಿನ ಸುತ್ತಮುತ್ತ. ಬಲವಾದದ್ದು ಎರಡು ಮೀಟರಿನವರೆಗೂ ಹೋಗುತ್ತದೆ. 100 ಮೀಟರನ್ನು 47 ಸೆಕೆಂಡಿನೊಳಗೆ ಈಜಿ ದಾಖಲೆ ಮಾಡುವವರ ವೇಗ ಸೆಕೆಂಡಿಗೆ ಎರಡು ಮೀಟರಿಗಿಂತ ಚೂರು ಹೆಚ್ಚು. ಹೇಮಾವತಿಯನ್ನು ಅಡ್ಡ ಈಜಿ ದಾಟುವ ಗಟ್ಟಿಗನೂ ಅದರ ಅರ್ಧ ವೇಗದಲ್ಲಿ ಬಹಳ ಹೊತ್ತು ಈಜಲಾರ. ಸೆಳವಿಗೆ ಎದುರಾಗಿ ದಡದ ಕಡೆಗೆ ಈಜುವವನು ಇದ್ದಲ್ಲೇ ಇರುತ್ತಾನೆ ಅಥವಾ ಹಿಂದೆ ಹೋಗುತ್ತಾನೆ. ದಡ ಕಣ್ಣೆದುರಿಗೇ ಇರುತ್ತದೆ, ಮಕ್ಕಳ ಕೂಗು ಕೇಳುತ್ತಿರುತ್ತದೆ, ಮೈಯೆಲ್ಲ ಬಲ ಹಾಕಿ ಈಜಿ ಈಜಿ ತೋಳು ಸೋಲುತ್ತದೆ. ಈಜು ಬಲ್ಲವರೇ ಕಡಲಲ್ಲಿ ಮುಳುಗುವುದಕ್ಕೆ ಮುಖ್ಯ ಕಾರಣ ಈ ದಣಿವು.

ಆದರೆ ಸೆಳವಿಗೆ ಒಂದು ಮಿತಿಯಿದೆ, ಅದನ್ನು ತಿಳಿದವರು ಬದುಕುತ್ತಾರೆ. ಅದು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಅಲೆಗಳು ಒಡೆಯುವ ಸಾಲು ದಾಟಿದ ಮೇಲೆ ಹರಡಿ ಬಲ ಕಳೆದುಕೊಳ್ಳುತ್ತದೆ; ಕೆಲವೊಮ್ಮೆ ಅಲ್ಲಿಂದ ತಿರುಗಿ ದಡದ ಕಡೆಗೇ ಬರುತ್ತದೆ. ಅಗಲವೂ ಹೆಚ್ಚಿರುವುದಿಲ್ಲ, ಹಲವು ಕಡೆ ಹತ್ತಿಪ್ಪತ್ತು ಮೀಟರ್. ಸಿಕ್ಕಿಕೊಂಡವನು ಮೊದಲು ಅಂಗಾತ ತೇಲಬೇಕು, ಉಸಿರು ಹಿಡಿತಕ್ಕೆ ತಂದುಕೊಳ್ಳಬೇಕು. ಉಪ್ಪು ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಸಾಂದ್ರವಾದ್ದರಿಂದ ತೇಲುವುದು ಕೆರೆಗಿಂತ ಸುಲಭ. ಆಮೇಲೆ ಕೈಯೆತ್ತಿ ಕೂಗಬೇಕು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಅಡ್ಡ ಈಜಬೇಕು. ನೊರೆಯಿರುವ ಕಡೆ ದಿಬ್ಬವಿದೆ, ಅಲ್ಲಿ ಅಲೆಯೇ ದಡಕ್ಕೆ ತಳ್ಳುತ್ತದೆ.

ಮರಳಿನ ತಗ್ಗು ವಾರಕ್ಕೊಮ್ಮೆ ಜಾಗ ಬದಲಿಸಬಹುದು. ಕಲ್ಲಿನ ಪಕ್ಕದ ಸೆಳವು ಹಾಗೆ ಕದಲುವುದಿಲ್ಲ. ದಡದ ಗುಂಟ ಹರಿಯುವ ನೀರಿಗೆ ಬಂಡೆ ಅಥವಾ ಕಟ್ಟಿದ ಗೋಡೆ ಅಡ್ಡ ಬಂದರೆ ಅದು ಬಂಡೆಯ ಮಗ್ಗುಲಿಗೇ ಕಡಲಿಗೆ ತಿರುಗುತ್ತದೆ. ಉಳ್ಳಾಲದ ಸೋಮೇಶ್ವರದಲ್ಲಿ ದೇವಸ್ಥಾನದ ಬಳಿಯ ರುದ್ರಪಾದೆ, ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತ ಬಂಡೆ, ಮಲ್ಪೆಯಲ್ಲಿ ಬಂದರಿನ ಅಲೆತಡೆ, ಇವುಗಳ ಪಕ್ಕದಲ್ಲಿ ನೀರು ಎಷ್ಟೇ ಸುಮ್ಮನಿದ್ದರೂ ಇಳಿಯಬಾರದು. ಫೋಟೋಕ್ಕೆ ಚೆಂದ ಕಾಣುವುದು ಇವೇ ಜಾಗಗಳು ಎಂಬುದು ದುರ್ದೈವ. ಹೊಳೆ ಕಡಲಿಗೆ ಸೇರುವ ಅಳಿವೆಯೂ ಹಾಗೆಯೇ. ಕಡಲಿಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಉಬ್ಬರದಲ್ಲಿ ಒಳಗೆ ಬಂದಿದ್ದ ನೀರೂ ಒಟ್ಟಿಗೆ ಹೊರಗೆ ಓಡುತ್ತವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕೆ, ಇನ್ನೊಂದು ಮಗ್ಗುಲಿಗೆ ಕಡಲು ನೋಡಿ ಮರುಳಾಗದವರಿಲ್ಲ. ಬಸ್ಸು ನಿಲ್ಲಿಸಿ ನೋಡಬೇಕಾದ ಜಾಗವೇ ಅದು, ಆದರೆ ನೀರಿಗಿಳಿಯುವ ಜಾಗವಲ್ಲ. ಅಲೆ ದಡ ಕೊರೆಯದಿರಲೆಂದು ಅಲ್ಲಿ ಕಲ್ಲು ಸುರಿದಿರುವುದೇ ಅಲೆಯ ಬಲಕ್ಕೆ ಸಾಕ್ಷಿ.

ಹಾಗಾದರೆ ಎಲ್ಲಿ? ಕರ್ನಾಟಕದಲ್ಲಿ 2020ರಲ್ಲಿ ಎರಡು ದಂಡೆಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು: ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಡೆನ್ಮಾರ್ಕಿನ ಸಂಸ್ಥೆಯೊಂದು ನೀರಿನ ಶುದ್ಧಿ, ಸುರಕ್ಷತೆ, ಪರಿಸರ ಮುಂತಾದ 33 ಅಂಶಗಳನ್ನು ನೋಡಿ ಕೊಡುವ ಮಾನ್ಯತೆ ಇದು. ಕಡಲು ಅಲ್ಲಿಯೂ ಕಡಲೇ. ಆದರೆ ಈಜುವ ಪ್ರದೇಶವನ್ನು ಗುರುತು ಮಾಡಿರುತ್ತಾರೆ, ಲೈಫ್ ಗಾರ್ಡ್‌ಗಳಿರುತ್ತಾರೆ, ನೀರಿನ ಪರೀಕ್ಷೆ ಆಗುತ್ತಿರುತ್ತದೆ. ಹಾಸನದಿಂದ ಹೊರಟವರಿಗೆ ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಲ್ಲೇ ಪಡುಬಿದ್ರಿ ಸಿಗುತ್ತದೆ. ಕುಟುಂಬ ಸಮೇತ ನೀರಿಗಿಳಿಯಲು ನಾನು ಹೇಳುವುದು ಅದನ್ನೇ. ಮಲ್ಪೆಯಲ್ಲಾದರೆ ಬಂದರಿನ ಗೋಡೆಯಿಂದ ದೂರ, ಲೈಫ್ ಗಾರ್ಡ್ ಕಾಣುವಷ್ಟು ಹತ್ತಿರ.

ಜಾಗದಷ್ಟೇ ಹೊತ್ತೂ ಮುಖ್ಯ. ಮಳೆಗಾಲದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ದ್ವೀಪಕ್ಕೆ ದೋಣಿ ನಿಲ್ಲುತ್ತದೆ, ಮಲ್ಪೆಯಲ್ಲಿ ಯಾರೂ ನೀರಿಗಿಳಿಯದಂತೆ ದಂಡೆಗುಂಟ ಬಲೆ ಕಟ್ಟುತ್ತಾರೆ. ಮಳೆಗಾಲದ ಅಲೆ ದಡದ ಮರಳನ್ನು ಕಿತ್ತು ಆಚೆಯ ದಿಬ್ಬಕ್ಕೆ ಒಯ್ದಿರುತ್ತದೆ, ಅದು ಮೆಲ್ಲನೆ ದಡಕ್ಕೆ ಮರಳಲು ತಿಂಗಳುಗಳು ಬೇಕು. ಹಾಗಾಗಿ ಅಕ್ಟೋಬರಿನ ದಸರಾ ರಜೆಯ ದಂಡೆಗಿಂತ ಜನವರಿಯ ದಂಡೆ ಹೆಚ್ಚು ಅಗಲ, ಹೆಚ್ಚು ಸಮತಟ್ಟು. ದಿನದಲ್ಲಿ ಬೆಳಗಿನ ಹೊತ್ತು ಒಳ್ಳೆಯದು. ನೆಲ ಕಾದಂತೆ ಮಧ್ಯಾಹ್ನದಿಂದ ಕಡಲಗಾಳಿ ಬೀಸತೊಡಗುತ್ತದೆ, ನೀರು ಕದಡುತ್ತದೆ. ನಮ್ಮ ಕಡೆಯ ಪ್ರವಾಸದ ಕ್ರಮ ಇದಕ್ಕೆ ಪೂರಾ ಉಲ್ಟಾ: ಕುಕ್ಕೆ, ಧರ್ಮಸ್ಥಳ, ಉಡುಪಿ ಮಠ ಎಲ್ಲ ಮುಗಿಸಿ, ದಣಿದು, ಹೊಟ್ಟೆ ತುಂಬ ಉಂಡು, ಸಂಜೆ ಐದಕ್ಕೆ ಬೀಚು. ಗಾಳಿ ಎದ್ದಿರುತ್ತದೆ, ಬೆಳಕು ಇಳಿಯುತ್ತಿರುತ್ತದೆ, ಸೂರ್ಯ ನೇರ ಕಣ್ಣಿಗೆ ಹೊಡೆಯುವುದರಿಂದ ನೀರಿನಲ್ಲಿರುವವರ ತಲೆಗಳು ದಡಕ್ಕೆ ಸರಿಯಾಗಿ ಕಾಣುವುದೂ ಇಲ್ಲ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ತೀರಿಕೊಂಡದ್ದು ಸಂಜೆಯ ಹೊತ್ತಿನಲ್ಲಿ, ಕಡಲು ಶಾಂತವೆನ್ನುವ ತಿಂಗಳಿನಲ್ಲಿ. ಕಡಲನ್ನು ನೋಡಬೇಕೆಂದು ಅಷ್ಟು ದೂರದ ಬಯಲುಸೀಮೆಯಿಂದ ಬಂದ ಮಕ್ಕಳು ಅವರು. ಶಾಲೆಯ ಪ್ರವಾಸ ಒಯ್ಯುವ ಪ್ರತಿಯೊಬ್ಬ ಮೇಷ್ಟ್ರೂ ಕಡಲನ್ನು ಪಟ್ಟಿಯ ಕೊನೆಗೆ ಹಾಕುವ ಬದಲು ಬೆಳಗಿನ ಮೊದಲ ಜಾಗ ಮಾಡಿಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇನೆ.

ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಗೆ ಇನ್ನೊಂದು ಎಚ್ಚರ ಬೇಕು. ಆಗ ಇಲ್ಲಿ ಗಾಳಿಯೂ ಇಲ್ಲದೆ ಮೋಡವೂ ಇಲ್ಲದೆ ಕಡಲು ಒಮ್ಮೆಲೇ ಉಬ್ಬುವುದುಂಟು. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಮೂಲ ಇರುವುದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ, ಸಾವಿರಾರು ಕಿಲೋಮೀಟರ್ ದೂರ. ಅಲ್ಲಿ ಹುಟ್ಟಿದ ಉದ್ದನೆಯ ಅಲೆಗಳ ಗುಂಪು ಗಂಟೆಗೆ ನಲವತ್ತು ಕಿಲೋಮೀಟರಿನ ಆಸುಪಾಸು ಸಾಗುತ್ತ, ದಾರಿಯಲ್ಲಿ ಹೆಚ್ಚೇನೂ ಬಲ ಕಳೆದುಕೊಳ್ಳದೆ, ನಾಲ್ಕಾರು ದಿನಗಳಲ್ಲಿ ನಮ್ಮ ದಡ ತಲುಪುತ್ತದೆ. ಅವು ಗುಂಪುಗುಂಪಾಗಿ ಬರುವುದರಿಂದ ಹತ್ತು ನಿಮಿಷ ಸಣ್ಣ ಅಲೆ ನೋಡಿ ಧೈರ್ಯ ತಂದುಕೊಂಡವನಿಗೆ ಹನ್ನೊಂದನೆಯ ನಿಮಿಷದಲ್ಲಿ ದೊಡ್ಡದು ಎದುರಾಗಬಹುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ, ಆ ದಿನಗಳಲ್ಲಿ ಪತ್ರಿಕೆಯಲ್ಲೂ ಬರುತ್ತದೆ. ಎಚ್ಚರಿಕೆ ಇದ್ದ ದಿನ ಬಂಡೆಯ ಮೇಲೂ ಹೋಗಬಾರದು. ದಂಡೆಗೆ ಬಂದ ಮೇಲೆ ಅಲ್ಲಿನ ಮೀನುಗಾರರಾದ ಮೊಗವೀರರನ್ನು ಕೇಳಿ. ಯಾವ ಕಡೆ ಇಳಿಯಬಾರದು ಎಂದು ಅವರು ಕೈ ತೋರಿಸಿ ಹೇಳುತ್ತಾರೆ. ಕೇಳಿಯಾದ ಮೇಲೂ ಕಾಲು ಗಂಟೆ ಎತ್ತರದಲ್ಲಿ ನಿಂತು ಎಲ್ಲಿ ನೊರೆ, ಎಲ್ಲಿ ನೊರೆಯಿಲ್ಲ ಎಂದು ನೋಡಿಯೇ ಇಳಿಯಿರಿ.

ಕೊನೆಯದಾಗಿ, ಇನ್ನೊಬ್ಬರು ಸೆಳವಿಗೆ ಸಿಕ್ಕಿದಾಗ. ಅಣ್ಣ ಮುಳುಗುತ್ತಿದ್ದಾನೆಂದು ತಮ್ಮ ಹಾರುತ್ತಾನೆ, ತಮ್ಮನಿಗಾಗಿ ಭಾವ. ಒಂದೇ ಮನೆಯ ಮೂವರು ಹೋದ ಸುದ್ದಿಗಳ ಹಿಂದೆ ಇರುವುದು ಈ ಸರಪಳಿ. ಕೈ ಕೈ ಹಿಡಿದು ಸಾಲಾಗಿ ನೀರಿಗಿಳಿಯುವುದೂ ಬೇಡ. ಅಲೆ ಕಾಲಡಿಯ ಮರಳು ಸರಿಸಿದರೆ ಇಡೀ ಸಾಲು ತಗ್ಗಿಗೆ ಜಾರುತ್ತದೆ. ಲೈಫ್ ಗಾರ್ಡನ್ನು ಕೂಗಿ, ಒಬ್ಬರು 112ಕ್ಕೆ ಫೋನು ಮಾಡಲಿ, ಇನ್ನೊಬ್ಬರು ಸಿಕ್ಕಿಕೊಂಡವರಿಂದ ಕಣ್ಣು ತೆಗೆಯದೆ ಬೆರಳು ತೋರಿಸುತ್ತಲೇ ಇರಲಿ, ಮತ್ತೊಬ್ಬರು ತೇಲುವಂಥದ್ದು ಏನಾದರೂ ಎಸೆಯಲಿ. ನೀರಿನಲ್ಲಿ ಮೈಯ ಭಾರವೆಲ್ಲ ಬಹುಮಟ್ಟಿಗೆ ನೀರೇ ಹೊರುತ್ತದೆ. ಮೇಲೆತ್ತಿ ಹಿಡಿಯಬೇಕಾದದ್ದು ತಲೆಯನ್ನು ಮಾತ್ರ, ಅದರ ತೂಕ ಐದು ಕಿಲೋದ ಒಳಗೆ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಐದು ಕಿಲೋ ಎತ್ತಿ ಹಿಡಿಯುತ್ತದೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು ಇಪ್ಪತ್ತು ಕಿಲೋ. ಪ್ರವಾಸದ ಬಸ್ಸಿನಲ್ಲಿ ಅಡುಗೆಯವರ ಹತ್ತಿರ ಇವೆರಡೂ ಇದ್ದೇ ಇರುತ್ತವೆ. ದಂಡೆಗೆ ಇಳಿಯುವಾಗ ಖಾಲಿಯಾದ ಒಂದನ್ನು ಮುಚ್ಚಳ ಹಾಕಿ, ಹಿಡಿಗೆ ಉದ್ದನೆಯ ಹಗ್ಗ ಕಟ್ಟಿ ಜೊತೆಗೆ ಒಯ್ಯಿರಿ.